ಅರ್ಧ ಎತ್ತರದ ಗುಡ್ಡ

ಆ ಹುಡುಗಿ ಮೊದಲ ಸಲ ನಮ್ಮ ಮನೆಗೆ ಬಂದಾಗ ಅವಳ ಕೈಯಲ್ಲಿ ಒಂದು ಹಾರ್ಡ್ ಡಿಸ್ಕ್ ಮತ್ತು ಒಂದು ಪೊಟ್ಟಣ ಕೊಟ್ಟೂರಿನ ಮಂಡಕ್ಕಿ ಇದ್ದವು. ಮಂಡಕ್ಕಿಯನ್ನು ನನ್ನ ಅತ್ತೆಯ ಕೈಗೆ ಕೊಟ್ಟಳು, ಡಿಸ್ಕನ್ನು ನನ್ನ ಕೈಗೆ.

"ಅಕ್ಕಾರ, ನನ್ನ ಪಿಎಚ್‌ಡಿ ಪೂರಾ ಇದರಾಗ ಐತ್ರಿ. ಜ್ವಾಕಿ," ಎಂದಳು.

ನಾನು ಬೆಂಗಳೂರಿನ ಒಂದು ಪ್ರಯೋಗಾಲಯ ಸೇವಾ ಸಂಸ್ಥೆಗೆ ಕೂಡ್ಲಿಗಿಯ ಮನೆಯಲ್ಲೇ ಕುಳಿತು ಕೆಲಸ ಮಾಡುತ್ತೇನೆ. ಡಿಎನ್‌ಎ ಓದುವ ಯಂತ್ರಗಳು ಫೈಲುಗಳನ್ನು ರಾಶಿ ಹಾಕುತ್ತವೆ. ಆ ರಾಶಿಯಲ್ಲಿ ಏನಿದೆ, ಏನಿಲ್ಲ ಎಂದು ವರದಿ ಬರೆದುಕೊಡುವುದು ನನ್ನ ಪಾಲಿನ ಕೆಲಸ. ಅವಳ ಕಾಲೇಜು ನಮ್ಮ ಸಂಸ್ಥೆಗೆ ವರದಿಯ ಕೆಲಸ ಒಪ್ಪಿಸಿತ್ತು. ಬರೆಯುವವಳು ತನ್ನೂರು ಕೊಟ್ಟೂರಿನ ಪಕ್ಕದ ಕೂಡ್ಲಿಗಿಯಲ್ಲೇ ಇದ್ದಾಳೆ ಎಂದು ಗೊತ್ತಾದದ್ದೇ ಬಸ್ಸು ಹತ್ತಿ ಬಂದುಬಿಟ್ಟಿದ್ದಳು. ಬೇರೆ ಕಾಲವಾಗಿದ್ದರೆ ನನಗೆ ಖುಷಿಯಾಗುತ್ತಿತ್ತು. ನಮ್ಮ ಸೀಮೆಯಲ್ಲಿ ನನ್ನ ಕೆಲಸ ಏನೆಂದು ಅರ್ಥವಾಗುವ ಮನುಷ್ಯರು ಸಿಗುವುದೇ ಅಪರೂಪ.

ಆದರೆ ಮಾರ್ಚಿನಲ್ಲಿ ನನ್ನ ಗಂಡ ತೀರಿಕೊಂಡಿದ್ದರು. ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದರು. ಊಟಕ್ಕೆಂದು ಮನೆಗೆ ಬಂದವರು, ಎದೆ ಹಿಡಿದಂಗ ಆಗೇತಿ ಎಂದು ಗೋಡೆಗೆ ಒರಗಿ ಕುಳಿತರು, ಮತ್ತೆ ಏಳಲಿಲ್ಲ. ಆಮೇಲೆ ಮನೆಯಲ್ಲಿ ಅತ್ತೆ ಮತ್ತು ನಾನು ಉಳಿದೆವು. ಅತ್ತೆ ಅಷ್ಟು ಹೊತ್ತಿಗೆ ಅಳುವುದನ್ನು ನಿಲ್ಲಿಸಿದ್ದರು. ನಾನು ಶುರುವೇ ಮಾಡಿರಲಿಲ್ಲ. ಕೈಕಾಲು ಆಡುತ್ತಿದ್ದವು, ಮಾತು ಬರುತ್ತಿತ್ತು, ಫೈಲುಗಳನ್ನು ತೆರೆದು ಮುಚ್ಚುತ್ತಿದ್ದೆ. ಹಲ್ಲು ಕೀಳುವ ಮೊದಲು ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದ್ದೂ ಇಲ್ಲದಂತಾಗುತ್ತದಲ್ಲ, ಹಾಗೆ ಇದ್ದೆ. ಜನ ಅದನ್ನು ಧೈರ್ಯ ಎಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.

ಹುಡುಗಿ ಓದುತ್ತಿದ್ದುದು ಕುರಿಗಳ ಮೇಲೆ. ನಮ್ಮ ಕಡೆಯ ಕುರಿಗಳು ಬೇಸಿಗೆಯಲ್ಲಿ ಒಣ ಹುಲ್ಲು, ಜಾಲಿಕಾಯಿ ತಿಂದು ಜೀವ ಹಿಡಿದುಕೊಂಡಿರುತ್ತವೆ. ಆಗ ಅವುಗಳ ಯಕೃತ್ತಿನಲ್ಲಿ ಯಾವ ಜೀನುಗಳು ಎಚ್ಚರಗೊಳ್ಳುತ್ತವೆ ಎಂಬುದು ಅವಳ ಪ್ರಶ್ನೆ. ಹಿಂದಿನ ವರ್ಷ ಬೇಸಿಗೆಯಲ್ಲಿ ಮೂರು ಕುರಿಗಳ ಯಕೃತ್ತು ತಂದಿದ್ದಳು, ಮಳೆ ಬಿದ್ದು ಹಸಿರಾದ ಮೇಲೆ ಇನ್ನು ಮೂರರದು. ಎಚ್ಚರವಾಗಿರುವ ಜೀನಿನ ಪಕ್ಕದಲ್ಲಿ ಒಂದು ರಾಸಾಯನಿಕ ಗುರುತು ಅಂಟಿಕೊಂಡಿರುತ್ತದೆ. ಆ ಗುರುತಿರುವ ಡಿಎನ್‌ಎ ತುಣುಕುಗಳನ್ನು ಗಾಳ ಹಾಕಿದಂತೆ ಹಿಡಿದು, ಕೋಟಿಗಟ್ಟಲೆ ತುಣುಕುಗಳನ್ನು ಓದಿಸಿ, ಒಂದೊಂದೂ ಕುರಿಯ ಡಿಎನ್‌ಎಯಲ್ಲಿ ಎಲ್ಲಿಯದು ಎಂದು ಜೋಡಿಸುತ್ತಾರೆ. ಒಂದೇ ಜಾಗದಲ್ಲಿ ತುಣುಕುಗಳು ಗುಡ್ಡೆ ಬಿದ್ದರೆ ಅಲ್ಲಿ ಗುರುತಿದೆ ಎಂದು ಅರ್ಥ. ಆ ಗುಡ್ಡೆಗೆ ಪೀಕ್ ಎನ್ನುತ್ತಾರೆ. ಪೀಕ್‌ಗಳನ್ನು ಹುಡುಕಿ ಪಟ್ಟಿ ಮಾಡಲು ಒಂದು ಸಾಫ್ಟ್‌ವೇರ್ ಇದೆ.

ಆದರೆ ಡಿಎನ್‌ಎಯ ಕೆಲವು ಜಾಗಗಳಲ್ಲಿ ಗುರುತಿಲ್ಲದಿದ್ದರೂ ತುಣುಕುಗಳು ಗುಡ್ಡೆ ಬೀಳುತ್ತವೆ. ಹಾಗಾಗಿ ಗಾಳ ಹಾಕದೆ ಸುಮ್ಮನೆ ಬಾಚಿದ ತುಣುಕುಗಳನ್ನೂ ಪ್ರತ್ಯೇಕವಾಗಿ ಓದಿಸಬೇಕು. ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಸಾಫ್ಟ್‌ವೇರು ಎರಡನ್ನೂ ಪಕ್ಕಪಕ್ಕ ಇಟ್ಟು, ಕಂಟ್ರೋಲಿಗಿಂತ ಎದ್ದು ಕಾಣುವುದನ್ನು ಮಾತ್ರ ಪೀಕ್ ಎಂದು ಬರೆಯುತ್ತದೆ.

ಅವಳ ಪಟ್ಟಿಯಲ್ಲಿ ಒಂದು ಪೀಕ್ ಇತ್ತು. ಕೊಬ್ಬನ್ನು ಕೂಡಿಡುವುದಕ್ಕೆ ಸಂಬಂಧಿಸಿದ ಒಂದು ಜೀನಿನ ಪಕ್ಕದಲ್ಲಿ, ಬೇಸಿಗೆಯ ಮೂರೂ ಮಾದರಿಗಳಲ್ಲಿ ಇತ್ತು, ಮಳೆಗಾಲದ ಮೂರರಲ್ಲಿಯೂ ಇರಲಿಲ್ಲ. ಇಂಥ ಫಲಿತಾಂಶಕ್ಕಾಗಿ ಜನ ಹರಕೆ ಹೊರುತ್ತಾರೆ. ಅವಳ ಗೈಡ್ ಆಗಲೇ ಒಂದು ವಿಚಾರ ಸಂಕಿರಣದಲ್ಲಿ ಅದನ್ನು ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದರು. ಪ್ರಬಂಧ ಒಪ್ಪಿಸಲು ಕಾಲೇಜು ಕೊಟ್ಟಿದ್ದ ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದಿತ್ತು. ನನ್ನ ವರದಿ ಸೇರಿಸಿ ಪ್ರಬಂಧ ಒಪ್ಪಿಸಿದರೆ ಅವಳು ದಡ ಸೇರುತ್ತಿದ್ದಳು.

"ಅದೊಂದು ಪೀಕ್ ಚೊಲೋ ಬರದುಬಿಡ್ರಿ ಅಕ್ಕಾರ. ಉಳಿದದ್ದು ಹೆಂಗರ ಇರಲಿ," ಎಂದು ನಕ್ಕಳು. ಕೊಟ್ಟೂರಿನ ಬಸ್ಸಿಗೆ ಹೊತ್ತಾಯಿತೆಂದು ಚಹಾ ಕೂಡ ಅರ್ಧ ಬಿಟ್ಟು ಓಡಿದಳು.

ಮರುದಿನ ಕೆಲಸ ಶುರು ಮಾಡಿದೆ. ಆ ಸಾಫ್ಟ್‌ವೇರು ಕೊಡುವ ಫೈಲುಗಳಲ್ಲಿ ಒಂದರ ಹೆಸರಿಗೆ ಎಕ್ಸೆಲ್‌ನ ಬಾಲ ಇರುತ್ತದೆ. ನಿಜಕ್ಕೂ ಅದು ಎಕ್ಸೆಲ್ ಫೈಲಲ್ಲ, ಬರಿಯ ಅಕ್ಷರಗಳ ಫೈಲು. ಹೊಸಬರು ಅದನ್ನು ಎಕ್ಸೆಲ್‌ನಲ್ಲಿ ತೆರೆದು, ತಲೆಯ ಭಾಗದಲ್ಲಿರುವ ಸಾಲುಗಳನ್ನು ಕಸವೆಂದು ಅಳಿಸಿ, ಪಟ್ಟಿಯನ್ನಷ್ಟೇ ಇಟ್ಟುಕೊಳ್ಳುತ್ತಾರೆ. ಹುಡುಗಿ ಅಳಿಸಿರಲಿಲ್ಲ. ಯಾವ ಆಜ್ಞೆ ಕೊಟ್ಟು ಈ ಪಟ್ಟಿ ಮಾಡಿಸಲಾಯಿತು ಎಂಬುದು ಆ ತಲೆಯಲ್ಲೇ ಇರುತ್ತದೆ. ನಾನು ಯಾವಾಗಲೂ ಮೊದಲು ಅದನ್ನೇ ಓದುತ್ತೇನೆ.

ಓದಿದೆ. ಜೀನೋಮಿನ ಗಾತ್ರ ಎಂದು ಕೇಳುವಲ್ಲಿ ಮನುಷ್ಯನ ಗಾತ್ರವನ್ನೇ ಬಿಟ್ಟಿದ್ದಳು. ಸಾಫ್ಟ್‌ವೇರು ತಾನಾಗಿ ಇಟ್ಟುಕೊಂಡಿರುವ ಬೆಲೆ ಅದು. ಎಷ್ಟೋ ಜನ ಬದಲಿಸಲು ಮರೆಯುತ್ತಾರೆ. ಕುರಿಯ ಗಾತ್ರ ಹಾಕಿ ಮತ್ತೆ ಓಡಿಸಿದೆ. ಅಂಚಿನಲ್ಲಿದ್ದ ಕೆಲವು ಸಣ್ಣ ಪೀಕ್‌ಗಳು ಆಚೀಚೆ ಆದವು. ದೊಡ್ಡವು ಅಲುಗಲಿಲ್ಲ, ಅವಳ ಪೀಕ್ ಸಹ ಇದ್ದಲ್ಲೇ ಇತ್ತು.

ಆಮೇಲೆ ಎರಡು ಫೈಲುಗಳ ನಡುವೆ ಒಂದು ಅಂಕಿಯ ವ್ಯತ್ಯಾಸ ಕಂಡಿತು. ಒಂದೇ ಪೀಕ್ ಒಂದು ಫೈಲಿನಲ್ಲಿ ಒಂದು ಜಾಗದಿಂದ ಶುರುವಾದರೆ ಇನ್ನೊಂದರಲ್ಲಿ ಅದರ ಹಿಂದಿನ ಜಾಗದಿಂದ ಶುರು. ಹುಡುಗಿ ಅದರ ಪಕ್ಕ ಕೆಂಪು ಬಣ್ಣದಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು. ಅದೇನೂ ತಪ್ಪಲ್ಲ. ಒಂದು ಫೈಲು ಸೊನ್ನೆಯಿಂದ ಎಣಿಸುತ್ತದೆ, ಇನ್ನೊಂದು ಒಂದರಿಂದ. ಅವಳಿಗೆ ಸಂದೇಶ ಕಳಿಸಿದೆ. ಅವಳು ಕೈ ಮುಗಿದ ಚಿತ್ರಗಳನ್ನು ಸಾಲಾಗಿ ಕಳಿಸಿದಳು. ಪಾಪ, ಎಷ್ಟು ದಿನ ಅದಕ್ಕೇ ಹೆದರಿದ್ದಳೋ.

ಅತ್ತೆ ಪಕ್ಕದಲ್ಲಿ ಕುಳಿತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ನನ್ನ ಗಂಡ ಹೋದ ಮೇಲೆ ಅವರು ನಾನು ಕೆಲಸ ಮಾಡುವ ಕೋಣೆಯಲ್ಲೇ ಕೂರುತ್ತಿದ್ದರು. ಮಾತು ಇರುತ್ತಿರಲಿಲ್ಲ. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳಿಸುವಷ್ಟು ಹತ್ತಿರ ಇದ್ದರೆ ಸಾಕಿತ್ತು.

ನಂತರ ಬೇಸಿಗೆಯ ಪೀಕ್‌ಗಳನ್ನು ಕ್ರೋಮೋಸೋಮಿನ ಪ್ರಕಾರ ವಿಂಗಡಿಸಿದೆ. ಇದೂ ನನ್ನ ರೂಢಿ. ಉದ್ದದ ಕ್ರೋಮೋಸೋಮಿನಲ್ಲಿ ಹೆಚ್ಚು ಪೀಕ್, ಗಿಡ್ಡದರಲ್ಲಿ ಕಡಿಮೆ ಇರಬೇಕು. ಹೆಚ್ಚುಕಡಿಮೆ ಹಾಗೇ ಇತ್ತು. ಎಕ್ಸ್ ಕ್ರೋಮೋಸೋಮ್ ಮಾತ್ರ ಲೆಕ್ಕ ಮೀರಿ ಉಬ್ಬಿತ್ತು. ಬೇಸಿಗೆಯಲ್ಲಿ ಮಾತ್ರ ಇದ್ದು ಮಳೆಗಾಲದಲ್ಲಿ ಇಲ್ಲದ ಪೀಕ್‌ಗಳನ್ನು ಬೇರೆ ಮಾಡಿ ನೋಡಿದರೆ ಬಹುಪಾಲು ಎಕ್ಸ್‌ನಲ್ಲೇ. ಅವಳ ಆ ಪೀಕ್ ಸಹ ಎಕ್ಸ್‌ನದೇ.

ಪಟ್ಟಿಯಲ್ಲಿ ಪ್ರತಿ ಪೀಕ್‌ನ ಮುಂದೆ ಎರಡು ಮುಖ್ಯ ಅಂಕಿಗಳಿರುತ್ತವೆ. ಇದು ಆಕಸ್ಮಿಕವಲ್ಲ ಎಂಬ ಭರವಸೆ ಎಷ್ಟು ಎಂದು ಒಂದು ಹೇಳುತ್ತದೆ. ಕಂಟ್ರೋಲಿಗಿಂತ ಎಷ್ಟು ಪಟ್ಟು ಎತ್ತರ ಎಂದು ಇನ್ನೊಂದು. ಜನ ಮೊದಲನೆಯದನ್ನು ನೋಡಿ ಮರುಳಾಗುತ್ತಾರೆ. ತುಣುಕುಗಳನ್ನು ಧಾರಾಳವಾಗಿ ಓದಿಸಿದ್ದರೆ ಅಷ್ಟೇನೂ ಎತ್ತರವಿಲ್ಲದ ಗುಡ್ಡೆಗೂ ಭರವಸೆಯ ಅಂಕಿ ಆಕಾಶಕ್ಕೆ ಹೋಗಿರುತ್ತದೆ. ಅವಳ ಪೀಕ್‌ನ ಭರವಸೆ ಆಕಾಶದಲ್ಲೇ ಇತ್ತು. ಎತ್ತರ ಎಷ್ಟೆಂದು ನೋಡಿದೆ. ಎರಡು ಪಟ್ಟು. ಅದರ ಕೆಳಗಿನದೂ ಎರಡು ಪಟ್ಟು. ಎಕ್ಸ್‌ನ ಮೇಲಿದ್ದ ಆ ಪೀಕ್‌ಗಳೆಲ್ಲ ಸಮವಸ್ತ್ರ ತೊಟ್ಟ ಮಕ್ಕಳ ಹಾಗೆ ಸುಮಾರು ಎರಡು ಪಟ್ಟಿನ ಆಸುಪಾಸಿನಲ್ಲೇ ನಿಂತಿದ್ದವು. ನಿಜವಾದ ಪೀಕ್‌ಗಳು ಹೀಗೆ ಶಿಸ್ತಿನಿಂದ ಇರುವುದಿಲ್ಲ. ಒಂದು ನಾಲ್ಕು ಪಟ್ಟಾದರೆ ಇನ್ನೊಂದು ಹದಿನೈದು ಪಟ್ಟು ಇರುತ್ತದೆ.

ಪಟ್ಟಿ ಬಿಟ್ಟು ಚಿತ್ರ ತೆರೆದೆ. ಮೇಲಿನ ಸಾಲಿನಲ್ಲಿ ಬೇಸಿಗೆಯ ಮಾದರಿ, ಕೆಳಗಿನ ಸಾಲಿನಲ್ಲಿ ಕಂಟ್ರೋಲ್. ಮೇಲೆ ಅವಳ ಪೀಕ್ ಕಾಣಿಸಿತು: ಎಡಕ್ಕೆ ಸ್ವಲ್ಪ ಇಳಿಜಾರು, ಬಲಕ್ಕೆ ಒಂದು ಗೂನು. ಕೆಳಗೆ ಕಂಟ್ರೋಲಿನಲ್ಲೂ ಅದೇ ಇಳಿಜಾರು, ಅದೇ ಗೂನು. ಎತ್ತರ ಮಾತ್ರ ಅರ್ಧ.

ಕಂಟ್ರೋಲಿನಲ್ಲೂ ಅದೇ ಗುಡ್ಡ ಇದ್ದರೆ ಅದು ಜೀನು ಎಚ್ಚರವಾದ ಗುರುತಲ್ಲ. ಆ ಜಾಗದ ಸ್ವಭಾವವೇ ಹಾಗೆ. ಆದರೆ ಕಂಟ್ರೋಲಿನಲ್ಲಿ ಅದು ಅರ್ಧವೇ ಏಕಿದೆ? ಒಂದೇ ಕಾರಣ ಹೊಳೆಯಿತು. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು. ಕಂಟ್ರೋಲ್ ಗಂಡಿನದಾಗಿ, ಬೇಸಿಗೆಯ ಮಾದರಿಗಳು ಹೆಣ್ಣಿನವಾಗಿದ್ದರೆ ಎಕ್ಸ್‌ನ ಮೇಲಿನ ಇಂಥ ಪ್ರತಿ ಗುಡ್ಡವೂ ಎರಡು ಪಟ್ಟಿನ ಪೀಕ್ ಆಗಿ ಕಾಣುತ್ತದೆ. ಫೈಲಿನ ತಲೆಯನ್ನು ಮತ್ತೆ ಓದಿದೆ. ಆರೂ ಮಾದರಿಗಳಿಗೆ ಕಂಟ್ರೋಲ್ ಒಂದೇ, ಮಳೆಗಾಲದ ಒಂದು ಕುರಿಯದು. ಖರ್ಚು ಉಳಿಸಲು ಬಹಳ ಪ್ರಯೋಗಾಲಯಗಳು ಹೀಗೇ ಮಾಡುತ್ತವೆ.

ಆರೂ ಮಾದರಿಗಳ ಎಕ್ಸ್‌ನ ತುಣುಕುಗಳನ್ನು ಬೇರೆ ಕ್ರೋಮೋಸೋಮುಗಳೊಂದಿಗೆ ಹೋಲಿಸಿದೆ. ಮಳೆಗಾಲದ ಮೂರಕ್ಕೂ ಕಂಟ್ರೋಲಿಗೂ ಎಕ್ಸ್ ಅರ್ಧ ಬಂತು. ಬೇಸಿಗೆಯ ಮೂರಕ್ಕೂ ಪೂರ್ತಿ ಬಂತು. ಅವಳ ಮಾದರಿಗಳ ವಿವರದಲ್ಲಿ ಆರರ ಮುಂದೆಯೂ ಗಂಡು ಎಂದು ಬರೆದಿತ್ತು.

ಫೋನ್ ಮಾಡಿದೆ. "ಆರೂ ಗಂಡು ಅಂತ ನಿನಗ ಯಾರು ಹೇಳಿದ್ರು?"

"ಅಂಗಡಿಯವರು ಹೇಳಿದ್ರಿ. ನಿಮ್ಮ ಕೂಡ್ಲಿಗ್ಯಾಗನ ತಗೊಂಡಿದ್ದು. ನಮ್ಮೂರಾಗ ಮಟನ್ ಅಂಗಡಿ ಮುಂದ ನಿಂತ್ರ ಅಪ್ಪಗ ಸುದ್ದಿ ಮುಟ್ಟತೈತಿ, ಅದಕ್ಕ ಅಲ್ಲಿಗೆ ಬರ್ತಿದ್ದೆ. ಗಂಡು ಹೆಣ್ಣು ಮಿಕ್ಸ್ ಆಗಬಾರ್ದು ಅಂತ ಪ್ರತಿ ಸಲ ಕೇಳೀನ್ರಿ, ಇದು ಟಗರು ಹೌದಲ್ರಿ ಅಂತ. ಟಗರ ಐತಿ, ನಮ್ಮಲ್ಲಿ ಬ್ಯಾರೆ ಕಡಿಯೋದ ಇಲ್ಲ ಅಂದ್ರು."

"ನೀನು ನೋಡಿದೇನು?"

"ಇಲ್ರಿ. ನಾನು ಆಚೀ ಕಡಿ ಚಹಾದಂಗಡಿ ಹತ್ರ ಮುಖ ತಿರುವಿ ನಿಂತಿರ್ತಿದ್ದೆ. ನಮ್ಮನಿಯಾಗ ತತ್ತಿ ಸೈತ ಒಡದಿಲ್ರಿ. ಅಂಗಡಿಯವರ ನನ್ನ ಫ್ಲಾಸ್ಕಿಗೆ ಹಾಕಿ ತಂದು ಕೊಡ್ತಿದ್ರು."

ಹಿಂದಿನ ನಾನಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಂಗಡಿಯ ಮಾತಿನಲ್ಲಿ ಟಗರು ಎಂದರೆ ಗಂಡು, ಕುರಿ ಎಂದರೆ ಹೆಣ್ಣು. ಯಾವ ಮಟನ್ ಅಂಗಡಿಯವನು ಕುರಿ ಕಡಿದಿದ್ದೇನೆ ಎಂದು ಹೇಳಿಯಾನು? ನಮ್ಮಲ್ಲಿ ಮಾಂಸಕ್ಕೆ ಬಂದವರು ಕೇಳುವುದು ಟಗರನ್ನು. ಮುದಿ ಹೆಣ್ಣುಕುರಿಯ ಮಾಂಸ ನಾರು, ಬೇಯುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ಕೊಕ್ಕೆಗೆ ತೂಗುವುದೆಲ್ಲವೂ ಟಗರೇ. ಕೇಳುವವರು ಕೇಳುತ್ತಾರೆ, ಹೇಳುವವರು ಹೇಳುತ್ತಾರೆ, ಇಬ್ಬರೂ ನಂಬುವುದಿಲ್ಲ. ಮಾಂಸ ತಿನ್ನುವ ಮನೆಯ ಮಗುವಿಗೂ ಇದು ಗೊತ್ತು. ತತ್ತಿ ಒಡೆಯದ ಮನೆಯಿಂದ ಬಂದ ಹುಡುಗಿ ಆ ಮಾತನ್ನು ಹಾಗೇ ನಂಬಿ ಬರೆದುಕೊಂಡಿದ್ದಳು. ಗಂಡು ಹೆಣ್ಣು ಬೆರೆಯಬಾರದು ಎಂಬ ಎಚ್ಚರವೂ ಅವಳಿಗಿತ್ತು.

ನನ್ನ ಗಂಡನಿಗೆ ಈ ವಿಷಯದಲ್ಲಿ ಹಟವಿತ್ತು. ಭಾನುವಾರ ಬೆಳಗಾಗುತ್ತಲೇ ಹೊರಡುತ್ತಿದ್ದರು. ಕಡಿದು ತೂಗುಹಾಕಿದ ಮೇಲೆ ಗಂಡಿನ ಗುರುತು ತೋರಿಸುತ್ತಾರಲ್ಲ, ಅಷ್ಟು ಸಾಲದೇ ಎಂದರೆ, "ಅದನ್ನ ಬ್ಯಾರೆದಕ್ಕ ಹೊಲದು ಅಂಟಸ್ತಾರ, ನಿನಗ ಗೊತ್ತಿಲ್ಲ. ನಿಂತಾಗ ನೋಡಬೇಕು," ಎನ್ನುತ್ತಿದ್ದರು. ಬಸ್ಸಿನ ಅಡಿಗೆ ತೂರಿ ನೋಡದೆ ಯಾವ ಡ್ರೈವರನ ಮಾತನ್ನೂ ನಂಬದ ಮನುಷ್ಯ. ಅವರು ಹೋದ ಮೇಲೆ ನಮ್ಮ ಮನೆಯಲ್ಲಿ ಮಾಂಸ ಬೆಂದಿರಲಿಲ್ಲ. ವ್ರತವೇನೂ ಇರಲಿಲ್ಲ. ತರಲು ಹೋಗುವವರು ಇರಲಿಲ್ಲ, ಅಷ್ಟೇ.

ಎರಡು ದಿನ ಬಿಟ್ಟು ಅವಳ ಗೈಡ್ ಫೋನ್ ಮಾಡಿದರು. ಮೈಸೂರು ಕಡೆಯವರು, ಮಾತು ಮೆತ್ತಗೆ.

"ಮೇಡಂ, ಆ ಹುಡುಗಿ ಏನೇನೋ ಹೇಳಿ ಅಳ್ತಾ ಇದ್ದಾಳೆ. ಪೀಕ್‌ನ ಭರವಸೆಯ ಅಂಕಿ ನೋಡಿದ್ದೀರಲ್ಲ, ಅಷ್ಟು ಬಲವಾದದ್ದು ಸುಳ್ಳಾಗುತ್ತಾ?"

"ಎತ್ತರ ಎರಡೇ ಪಟ್ಟು ಇದೆ ಸರ್. ಕಂಟ್ರೋಲಿನಲ್ಲೂ ಅದೇ ಆಕಾರ ಇದೆ."

"ಇರಬಹುದು. ಆದರೆ ನಿಮ್ಮ ಕೆಲಸ ಫೈಲಿನಲ್ಲಿ ಏನಿದೆ ಅಂತ ವಿವರಿಸೋದು ಅಲ್ವಾ? ಫೈಲಿನಲ್ಲಿ ಪೀಕ್ ಇದೆ. ಇದೆ ಅಂತ ಬರೀರಿ. ಕಂಟ್ರೋಲ್ ಆಯ್ಕೆ ನಮ್ಮ ಜವಾಬ್ದಾರಿ. ಪಾಪ, ಹುಡುಗಿ ಜೀವನದ ಪ್ರಶ್ನೆ."

ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಫೈಲಿನಲ್ಲಿ ಪೀಕ್ ಇತ್ತು. ಹಾಗೆ ಬರೆದು ಕಳಿಸಿದ್ದರೆ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಹುಡುಗಿ ಪಾಸಾಗುತ್ತಿದ್ದಳು. ಆ ದಿನಗಳಲ್ಲಿ ಸತ್ಯದ ಮೇಲೆ ನನಗೆ ವಿಶೇಷ ಪ್ರೀತಿಯೇನೂ ಉಳಿದಿರಲಿಲ್ಲ, ನಿಜ ಹೇಳಬೇಕೆಂದರೆ ಯಾವುದರ ಮೇಲೂ ಇರಲಿಲ್ಲ. ಆದರೆ ಕಂಡದ್ದನ್ನು ಕಾಣಲಿಲ್ಲ ಎಂದು ಬರೆಯಬೇಕಾದರೆ ಒಂದಿಷ್ಟು ಚೈತನ್ಯ ಬೇಕು. ಯಾವ ವಾಕ್ಯ ಹೇಗೆ ಕಟ್ಟಬೇಕು, ಯಾವ ಚಿತ್ರ ಬಿಡಬೇಕು ಎಂದು ಯೋಚಿಸಬೇಕು. ನನ್ನಲ್ಲಿ ಅಷ್ಟು ಶಕ್ತಿ ಇರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುವುದು ಸುಲಭವಾಗಿತ್ತು. ಬರೆದೆ. ಬೇಸಿಗೆಯ ಮಾದರಿಗಳು ಹೆಣ್ಣು, ಕಂಟ್ರೋಲ್ ಗಂಡು, ಎಕ್ಸ್‌ನ ಮೇಲಿನ ಎರಡು ಪಟ್ಟಿನ ಪೀಕ್‌ಗಳನ್ನು ನಂಬುವಂತಿಲ್ಲ. ಅರ್ಧ ಎತ್ತರದ ಗುಡ್ಡದ ಚಿತ್ರವನ್ನು ಮೊದಲ ಪುಟದಲ್ಲೇ ಹಾಕಿದೆ. ಕಳಿಸುವ ಮೊದಲು ಹುಡುಗಿಗೆ ತೋರಿಸುತ್ತೇನೆ ಎಂದು ಗೈಡ್‌ಗೆ ಹೇಳಿದೆ.

ಹುಡುಗಿ ಬಂದಳು. ಈ ಸಲ ಮಂಡಕ್ಕಿ ಇರಲಿಲ್ಲ. ಚಿತ್ರವನ್ನು ಬಹಳ ಹೊತ್ತು ನೋಡಿದಳು. ದೊಡ್ಡದು ಮಾಡಿ ನೋಡಿದಳು, ಸಣ್ಣದು ಮಾಡಿ ನೋಡಿದಳು.

"ಅಕ್ಕಾರ, ಇದೊಂದು ಪೀಕ್ ಬಿಟ್ರ ನನ್ನ ಹತ್ರ ಏನೂ ಇಲ್ರಿ."

"ಗೊತ್ತೈತಿ."

"ನಿಮಗ ಏನೂ ಅನಸೋದಿಲ್ಲೇನ್ರಿ? ಹಂಗ ಕುಂತೀರಲ್ಲ, ಕಲ್ಲು ಕುಂತಂಗ."

ಅತ್ತೆ ಮೂಲೆಯಿಂದಲೇ ಹೇಳಿದರು: "ಆಕಿಗೂ ಅನಸ್ತೈತವಾ. ಆಕಿ ಗಂಡ ಹೋಗಿ ಇನ್ನಾ ವರ್ಷ ತುಂಬಿಲ್ಲ. ತಡವಾಗಿ ಅನಸ್ತೈತಿ."

ಹುಡುಗಿಗೆ ಅದು ಗೊತ್ತಿರಲಿಲ್ಲ. ಅವಳ ಮುಖ ಕಪ್ಪಿಟ್ಟಿತು. ಮತ್ತೆ ಚಿತ್ರದ ಕಡೆಗೇ ಬಗ್ಗಿದಳು. ಆಮೇಲೆ ಒಮ್ಮೆಲೇ ತಲೆ ಎತ್ತಿ, ಪ್ರತಿ ಕುರಿಯ ಕಂಟ್ರೋಲಿನದೂ ಒಂದೊಂದು ಪಾಲು ಕಾಲೇಜಿನ ಫ್ರೀಜರಿನಲ್ಲಿದೆ ಎಂದಳು. ಓದಿಸಿದ್ದು ಒಂದನ್ನೇ, ಆದರೆ ಯಾವುದನ್ನೂ ಚೆಲ್ಲಿರಲಿಲ್ಲ.

"ಬ್ಯಾಸಗಿ ಕುರಿಗೆ ಬ್ಯಾಸಗಿ ಕುರೀದ ಕಂಟ್ರೋಲ್ ಹಾಕಿ ನೋಡೂಣ್ರಿ. ಆಗೂ ಪೀಕ್ ಉಳದ್ರ?"

"ಉಳದ್ರ ನಾನ ತಪ್ಪು ಅಂತ ಬರಿತೀನಿ."

ಕಂಟ್ರೋಲುಗಳನ್ನು ಓದಿಸಲು ಗೈಡ್ ಗೊಣಗುತ್ತಲೇ ಒಪ್ಪಿದರು. ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಹುಡುಗಿ ಆಗಾಗ ಫೋನ್ ಮಾಡುತ್ತಿದ್ದಳು. ಮಾತಾಡಲು ಹೊಸದೇನೂ ಇರುತ್ತಿರಲಿಲ್ಲ. ಊಟ ಆಯ್ತೇನ್ರಿ ಎಂದು ಕೇಳುವಳು. ಆಯಿತು ಎಂದು ನಾನು. ಅತ್ತೆಯ ಮಂಡಿನೋವನ್ನೂ ವಿಚಾರಿಸಿ ಇಡುವಳು. ಪೀಕ್ ಉಳಿಯಲಿ ಎಂದು ನನಗೂ ಆಸೆ ಇತ್ತೋ ಏನೋ, ಇದ್ದಿದ್ದರೂ ಅದು ನನ್ನ ಅರಿವಿಗೆ ಬರಲಿಲ್ಲ.

ಹೊಸ ಫೈಲುಗಳು ಬಂದ ದಿನ ಅವಳು ನನ್ನ ಪಕ್ಕದಲ್ಲೇ ಕುಳಿತಿದ್ದಳು. ಪ್ರತಿ ಮಾದರಿಗೂ ಅದರದೇ ಕಂಟ್ರೋಲ್ ಕೊಟ್ಟು ಓಡಿಸಿದೆ. ಹೊಸ ಪಟ್ಟಿ ಬಂತು. ಅವಳ ಜೀನಿನ ಜಾಗದ ಅಂಕಿ ಅವಳಿಗೆ ಬಾಯಿಪಾಠವಾಗಿತ್ತು. ಅವಳೇ ಒತ್ತಿ ಹುಡುಕಿದಳು. ಸಿಗಲಿಲ್ಲ. ಮತ್ತೊಮ್ಮೆ ಒತ್ತಿದಳು. ಚಿತ್ರ ತೆರೆದು ತೋರಿಸಿದೆ. ಮೇಲೂ ಕೆಳಗೂ ಅದೇ ಇಳಿಜಾರು, ಅದೇ ಗೂನು, ಈಗ ಎತ್ತರವೂ ಒಂದೇ. ಎಕ್ಸ್ ಮೇಲಿನ ಉಬ್ಬು ಇಳಿದು ಅದು ಉಳಿದ ಕ್ರೋಮೋಸೋಮುಗಳ ಸಾಲಿಗೆ ಬಂದು ಕೂತಿತ್ತು.

ಬೇರೆ ಕ್ರೋಮೋಸೋಮುಗಳಲ್ಲಿ ಕೆಲವು ಗಟ್ಟಿ ಪೀಕ್‌ಗಳು ಬೇಸಿಗೆಗೂ ಮಳೆಗಾಲಕ್ಕೂ ವ್ಯತ್ಯಾಸವಾಗಿ ಉಳಿದಿದ್ದವು. ಅವಳು ಅವನ್ನು ಆಸೆಯಿಂದ ನೋಡಿದಳು. ಆಮೇಲೆ ಅವಳೇ ಹೇಳಿದಳು, "ಇವು ಬ್ಯಾಸಗೀವೋ ಹೆಣ್ಣಿನವೋ ಹೆಂಗ ಹೇಳೋದ್ರಿ?" ನಾನು ಹೇಳಬೇಕೆಂದಿದ್ದ ಮಾತದು. ಅವಳ ಬಾಯಲ್ಲಿ ಬಂದದ್ದು ನನಗೆ ಸಮಾಧಾನವಾಯಿತು. ಬಹಳ ದಿನಗಳ ನಂತರ ಸಮಾಧಾನ ಎನ್ನುವಂಥದ್ದು ಏನೋ ಆಯಿತು.

ವರದಿಗೆ ಹೊಸ ಚಿತ್ರವನ್ನೂ ಸೇರಿಸಿ ಅಂದೇ ಕಳಿಸಿದೆ. ಗೈಡ್ ಕೆಲವು ದಿನ ಮಾತಾಡಲಿಲ್ಲ. ಆಮೇಲೆ ಏನನ್ನಿಸಿತೋ, ವಿಶ್ವವಿದ್ಯಾಲಯಕ್ಕೆ ತಾವೇ ಬರೆದು ಅವಳಿಗೆ ಕೊನೆಯ ಅವಕಾಶವೊಂದನ್ನು ಕೊಡಿಸಿದರು. ಸಂಕಿರಣದಲ್ಲಿ ಹೇಳಿದ್ದನ್ನೂ ಹಿಂದಕ್ಕೆ ಪಡೆದರು. ಹೊಸ ಮಾದರಿಗಳು ಬೇಕಿದ್ದವು: ಈಗಿನ ಮಳೆಗಾಲದ ಗಂಡು, ಮಳೆಗಾಲದ ಹೆಣ್ಣು, ಮುಂದಿನ ಬೇಸಿಗೆಯಲ್ಲಿ ಎರಡೂ. ಎಲ್ಲವನ್ನೂ ಕಣ್ಣಾರೆ ನೋಡಿ ತರಬೇಕು ಎಂಬುದು ಷರತ್ತು. ಅದೂ ಕೈಕೊಟ್ಟರೆ ಅವಳ ಪಿಎಚ್‌ಡಿ ಅಲ್ಲಿಗೆ ಮುಗಿದ ಹಾಗೆ.

"ನನಗ ನೋಡಾಕ ಬರೋದಿಲ್ರಿ. ನೀವು ಬರ್ರಿ ಅಕ್ಕಾರ," ಎಂದಳು.

ಭಾನುವಾರ ಬೆಳಿಗ್ಗೆ ಅವಳು ಮೊದಲ ಬಸ್ಸಿಗೆ ಬಂದಿಳಿದಳು. ಅವಳು ಯಕೃತ್ತು ಒಯ್ದಿದ್ದ, ಹೆದ್ದಾರಿಯ ಪಕ್ಕದ ಆ ಮಟನ್ ಅಂಗಡಿಗೆ ಇಬ್ಬರೂ ಹೋದೆವು. ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಅದು ಯಾವಾಗಲೂ ನನ್ನ ಗಂಡನ ಪಾಲಿನ ಕೆಲಸವಾಗಿತ್ತು. ಅಂಗಡಿಯವರು ನನ್ನನ್ನು ನೋಡಿ ಕತ್ತಿಯನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ಎದ್ದು ನಿಂತರು. ನನ್ನ ಗಂಡನನ್ನು ಮಣ್ಣು ಮಾಡಿದ ದಿನ ಬಂದಿದ್ದರಂತೆ, ನನಗೆ ಆ ದಿನದ ಯಾರ ಮುಖವೂ ನೆನಪಿಲ್ಲ.

"ಬರ್ರಿ ಅಕ್ಕಾರ. ಹೇಳಿ ಕಳಸಿದ್ರ ಮನೀಗೆ ಕೊಟ್ಟು ಬರ್ತಿದ್ನಲ್ರಿ."

ಹುಡುಗಿಯನ್ನು ತೋರಿಸಿ, ಹೋದ ವರ್ಷ ಬೇಸಿಗೆಯಲ್ಲಿ ಕಲೀಜ, ಅಂದರೆ ಯಕೃತ್ತು, ಒಯ್ದಿದ್ದು ಇವಳೇ ಎಂದೆ. ಅವು ಮೂರೂ ಹೆಣ್ಣು ಎಂದು ಗೊತ್ತಾಗಿದೆ ಎಂದೂ ಹೇಳಿದೆ. ಅವರು ಅಂಗಡಿಯ ಮುಂದೆ ನಿಂತಿದ್ದ ಗಿರಾಕಿಗಳ ಕಡೆ ನೋಡಿದರು. ನಮ್ಮನ್ನು ಹಿಂಬದಿಯ ದೊಡ್ಡಿಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು.

"ಹೌದ್ರಿ, ಕುರೀನ ಅವು. ಬ್ಯಾಸಗ್ಯಾಗ ಟಗರು ಎಷ್ಟು ಬರ್ತಾವ್ರಿ, ಒಂದೋ ಎರಡೋ. ಮೇವು ಇರಂಗಿಲ್ಲ. ಹಡಗಲಿ ಕಡಿಯವ್ರು ಮುದಿ ಕುರಿ, ಗೊಡ್ಡು ಕುರಿ ಹೊಡಕೊಂಡು ಹಗರಿಬೊಮ್ಮನಹಳ್ಳಿ ಸಂತಿಗೆ ತರ್ತಾರ, ನಾವು ಅವನ್ನ ತರ್ತೀವಿ. ಮಳಿ ಆದ ಮ್ಯಾಗ ಟಗರು. ಗಿರಾಕಿ ಮುಂದ ಕುರಿ ಅಂತ ಹೆಂಗ ಹೇಳ್ಲಿ? ಈಯಮ್ಮ ಸಾಲಿ ಕೆಲಸಕ್ಕ ಕೇಳ್ತಾಳ ಅಂತ ನನಗ ತಿಳೀಲಿಲ್ರಿ. ಸಾರಿಗೆ ಅನ್ಕಂಡೆ." ಹುಡುಗಿಯ ಕಡೆ ತಿರುಗಿ, "ತಪ್ಪಾತವಾ," ಎಂದರು.

ಹುಡುಗಿ ತಲೆಯಾಡಿಸಿದಳು. ಋತುವೂ ಹೆಣ್ಣುಗಂಡೂ ಒಟ್ಟೊಟ್ಟಿಗೇ ಬದಲಾಗಿದ್ದು ಹೇಗೆಂದು ಈಗ ತಿಳಿಯಿತು. ಅವಳಿಗೂ ತಿಳಿಯಿತೆಂದು ಮುಖದಲ್ಲಿ ಕಂಡಿತು.

ದೊಡ್ಡಿಯಲ್ಲಿ ಕೆಲವು ಕುರಿಗಳನ್ನು ಕಟ್ಟಿದ್ದರು. ಕಪ್ಪು ಉಣ್ಣೆ, ಬೆನ್ನ ಮೇಲೆ ಕೆಂಪು ಬಣ್ಣದ ಗುರುತು. ಹುಡುಗಿ ಮೂಗಿಗೆ ದುಪಟ್ಟಾ ಒತ್ತಿಕೊಂಡು ನಿಂತಳು. ಹಿಂದೆ ಸರಿಯಲಿಲ್ಲ.

"ಹಿಂದಿನಿಂದ ಹೋಗು. ಬಾಲ ಸರಿಸಿ ನೋಡು," ಎಂದೆ.

"ನಿಮ್ಮ ಮನಿಯವ್ರೂ ಹಿಂಗ ನೋಡಿ ಹೇಳ್ತಿದ್ರು, ಇದನ್ನ ಕಡಿ ಅಂತ," ಎಂದರು ಅಂಗಡಿಯವರು. "ಊರಿಗೆಲ್ಲ ಸುಳ್ಳು ಹೇಳೀನ್ರಿ. ಅವ್ರಿಗೊಬ್ರಿಗೆ ಹೇಳಾಕ ಆಗ್ಲಿಲ್ಲ. ಅವ್ರು ಹೋದ ಮ್ಯಾಗ ಇಲ್ಲಿ ಬಾಲ ಎತ್ತಿ ನೋಡೋರ ಬಂದಿಲ್ಲ."

ಹುಡುಗಿ ಬಗ್ಗಿದಳು. ಎರಡು ಬೆರಳಿನಲ್ಲಿ ಬಾಲ ಸರಿಸಿ ನೋಡಿದಳು. "ಗಂಡು," ಎಂದಳು. ಮುಂದಿನದಕ್ಕೆ ಹೋದಳು. "ಹೆಣ್ಣು." ಮೂರನೆಯದರ ಹೊತ್ತಿಗೆ ಮೂಗಿನ ಮೇಲಿನ ದುಪಟ್ಟಾ ಜಾರಿ ಹೋಗಿತ್ತು, ಅವಳ ಗಮನಕ್ಕೆ ಬಂದಿರಲಿಲ್ಲ. ಪ್ರತಿಯೊಂದನ್ನೂ ನಾನೂ ನೋಡಿದೆ. ಸರಿಯಾಗಿತ್ತು. ಅವಳು ಆರಿಸಿದವನ್ನು ಕಡಿಯುವಾಗ ಕಣ್ಣು ಮುಚ್ಚಿ ನಿಂತಳು, ಆದರೆ ಅಲ್ಲೇ ನಿಂತಳು. ಕಲೀಜವನ್ನು ತಾನೇ ಚಿಮಟದಲ್ಲಿ ಹಿಡಿದು ಫ್ಲಾಸ್ಕಿಗೆ ಇಳಿಸಿದಳು.

ಹೊರಡುವಾಗ ಅಂಗಡಿಯವರು ನನ್ನನ್ನು ಏನೂ ಕೇಳದೆ, ಅವಳು ಆರಿಸಿದ ಟಗರಿನ ಎದೆಯ ಭಾಗವನ್ನೇ ತೂಗಿ, ಮಜ್ಜೆ ತುಂಬಿದ ಎರಡು ನಲ್ಲಿಮೂಳೆ ಮೇಲೆ ಹಾಕಿ ಕಟ್ಟಿಕೊಟ್ಟರು. ನನ್ನ ಗಂಡ ಯಾವಾಗಲೂ ತರುತ್ತಿದ್ದುದು ಅದೇ. ದುಡ್ಡು ಕೊಟ್ಟು ಚೀಲಕ್ಕೆ ಹಾಕಿಕೊಂಡೆ.

ಹುಡುಗಿಯನ್ನು ಬಸ್ಸಿಗೆ ಹತ್ತಿಸಿ ಮನೆಗೆ ಬಂದೆ. ಅತ್ತೆ ಬುದ್ಧನ ಪಟದ ಧೂಳು ಒರೆಸುತ್ತಿದ್ದರು. ಚೀಲವನ್ನು ಅಡುಗೆ ಕಟ್ಟೆಯ ಮೇಲಿಟ್ಟೆ. ಅವರು ಬಂದು ಬಿಚ್ಚಿ ನೋಡಿದರು. ನಲ್ಲಿಮೂಳೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಭಾನುವಾರ ಮಗನನ್ನು ಕೇಳುತ್ತಿದ್ದ ದನಿಯಲ್ಲೇ ಕೇಳಿದರು:

"ಟಗರು ಹೌದಾ?"

"ಹೌದ್ರಿ ಅತ್ತಿ."

"ಯಾರು ನೋಡಿದ್ರು?"

"ನಾನ ನೋಡೀನ್ರಿ," ಎಂದೆ. ಅಷ್ಟು ಹೇಳುವುದರೊಳಗೆ ನನ್ನ ದನಿ ಒಡೆಯಿತು. ಕಟ್ಟೆ ಹಿಡಿದುಕೊಂಡು ಅಲ್ಲೇ ಕೆಳಗೆ ಕುಳಿತೆ. ಅತ್ತೆ ನನ್ನನ್ನು ಅಳಬೇಡ ಎನ್ನಲಿಲ್ಲ. ಒಣಕೊಬ್ಬರಿ ತೆಗೆದುಕೊಂಡು ನನ್ನ ಪಕ್ಕದಲ್ಲೇ ಕುಳಿತು ತುರಿಯತೊಡಗಿದರು.